ಮೇಜಿನ ಮೇಲೆ ತೆರೆದುಕೊಳ್ಳುವ ಕೋಟೆ

ಆಟಗಾರರು ಪಾತ್ರಗಳಾಗಿ ಮಾತಾಡುತ್ತ ದಾಳದ ನೆರವಿನಿಂದ ಕಥೆ ಕಟ್ಟುವ, 1974ರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಿಂದ ಹೆಸರಾದ ರೋಲ್‌ಪ್ಲೇಯಿಂಗ್ ಆಟಗಳಲ್ಲಿ, ದೂರದವರನ್ನು ಕೂಡಿಸುತ್ತ ಬಂದ ‘ವರ್ಚುವಲ್ ಟೇಬಲ್‌ಟಾಪ್’ ತಂತ್ರಾಂಶವು ಒಂದೇ ಮೇಜಿನ ಸುತ್ತ ಕುಳಿತವರಿಗೂ ಒದಗಿಬಂದಿರುವುದು ನಿಜಕ್ಕೂ ಸಂತೋಷದ ಸಂಗತಿ. ಟಿವಿಯನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಹೈದರಾಬಾದಿನ ಗೋಲ್ಕೊಂಡ ಕೋಟೆಯ ನಕ್ಷೆಯನ್ನು ಅದರಲ್ಲಿ ತೆರೆದರೆ, ಆಟ ನಡೆಸುವವರು ಗೋಡೆಗಳನ್ನು ಮೊದಲೇ ಗುರುತಿಸಿಟ್ಟಿರುವುದರಿಂದ ಪಾತ್ರದ ಕಣ್ಣಿಗೆ ಬೀಳುವಷ್ಟು ಭಾಗ ಮಾತ್ರ ಬೆಳಗಿ, ಉಳಿದದ್ದು ‘ಫಾಗ್ ಆಫ್ ವಾರ್’ ಎಂಬ ಕತ್ತಲ ಮುಸುಕಿನಲ್ಲಿಯೇ ಇರುತ್ತದೆ. ಫತೇ ದರ್ವಾಜ ಎಂಬ ಬಾಗಿಲಲ್ಲಿ ತಟ್ಟಿದ ಚಪ್ಪಾಳೆ ಗುಡ್ಡದ ಮೇಲಿನ ಬಾಲಾ ಹಿಸಾರ್‌ನ ನೆತ್ತಿಯವರೆಗೆ ಕೇಳಿಸುವ ಆ ಕೋಟೆಯಲ್ಲಿ, ಕಾಣದ ಕಾವಲುಗಾರರು ಎಚ್ಚೆತ್ತಿರಬಹುದೆಂಬ ಅಳುಕನ್ನು ಬಿಡಿಸಿಟ್ಟ ಕಾಗದದ ನಕ್ಷೆ ಇಷ್ಟು ಚೆನ್ನಾಗಿ ಮೂಡಿಸಲಾರದು. 2020ರಲ್ಲಿ ಬಂದ ‘ಫೌಂಡ್ರಿ’ಯಂಥ ತಂತ್ರಾಂಶ ಆಟ ನಡೆಸುವವರ ಕಂಪ್ಯೂಟರಿನಲ್ಲೇ ಓಡುವುದರಿಂದ ಮನೆಯ ವೈಫೈ ಸಾಕು, ದಾಳವನ್ನಂತೂ ಕೈಯಿಂದಲೇ ಉರುಳಿಸುವುದು ಲೇಸು.