ನಷ್ಟದ ಕಛೇರಿಗಳ ಲೆಕ್ಕ

ಯುಗಾದಿಯ ಆಸುಪಾಸಿನಲ್ಲಿ ರಾಮನವಮಿ ಸಂಗೀತೋತ್ಸವಗಳ ಆಹ್ವಾನ ಪತ್ರಿಕೆಗಳು ಕೈಸೇರುತ್ತಿದ್ದಂತೆ ಬೆಂಗಳೂರಿನ ರಸಿಕರ ಲೆಕ್ಕಾಚಾರ ಶುರುವಾಗುತ್ತದೆ. ಭಾನುವಾರ ಯಾರು, ಯಾರಿಗೆ ಯಾರ ಪಿಟೀಲು, ಯಾವ ದಿನ ಆಫೀಸಿನಿಂದ ಬೇಗ ಹೊರಡಬೇಕು. ಕಣ್ಣು ಸಹಜವಾಗಿಯೇ ದಪ್ಪಕ್ಷರದ ಹೆಸರುಗಳ ಮೇಲೆ ನಿಲ್ಲುತ್ತದೆ. ಆದರೆ ಸಭೆಯೊಂದರ ಯೋಗ್ಯತೆಯನ್ನು ಆ ಹೆಸರುಗಳಿಂದ ಅಳೆಯಲಾಗದು. ಪೆಂಡಾಲು ತುಂಬಿಸುವ ಗಾಯಕರ ಕಛೇರಿಯನ್ನು ಟಿಕೆಟ್ ಮಾರುವ ಯಾವ ಕಂಪನಿಯಾದರೂ ನಡೆಸೀತು. ಪ್ರಾಯೋಜಕರೂ ತಾವಾಗಿ ಬಂದಾರು. ಸಭೆ ಬೇಕಾಗುವುದು ಪತ್ರಿಕೆಯ ಸಣ್ಣಕ್ಷರದ ದಿನಗಳಿಗೆ. ಮಂಗಳವಾರ ಸಂಜೆ ಐದೂಕಾಲಕ್ಕೆ ಹಾಡಲು ಕೂರುವ ಇಪ್ಪತ್ತಮೂರರ ಹುಡುಗಿಗೆ, ಅವಳ ಬಲಕ್ಕೋ ಹಿಂದಕ್ಕೋ ಕೂರುವ ಖಂಜಿರದವನಿಗೆ, ಕೇಳುವವರು ಕಡಿಮೆಯಾಗುತ್ತಿರುವ ವೀಣೆಗೆ. ಆ ಸಂಜೆಗಳಲ್ಲಿ ಸಭೆ ಕೈಯಿಂದ ಕಳೆದುಕೊಳ್ಳುತ್ತದೆ, ಕಳೆದುಕೊಳ್ಳಲೂಬೇಕು. ಲಾಭ ಹಂಚಿಕೊಳ್ಳುವ ಅಧಿಕಾರವೇ ಇಲ್ಲದ ಸಂಘಗಳು ಹೀಗೆ ಆಯ್ದ ಸಂಜೆಗಳಲ್ಲಿ ನಷ್ಟ ಮಾಡಿಕೊಂಡದ್ದರಿಂದಲೇ ನಮ್ಮ ಸೀಮೆಯಲ್ಲಿ ಕಛೇರಿ ಸಂಗೀತ ಇನ್ನೂ ಒಂದು ಕಸುಬಾಗಿ ಉಳಿದಿದೆ ಎಂಬುದು ನನ್ನ ವಾದ.

ಕಸುಬು ಎಂದು ಬೇಕೆಂದೇ ಬರೆದೆ. ನಾವು ಸಂಗೀತವನ್ನು ನಾದೋಪಾಸನೆ ಎನ್ನುತ್ತೇವೆ, ಹಾಡುವವರು ಮನೆ ಬಾಡಿಗೆ ಕಟ್ಟುತ್ತಾರೆಂಬುದನ್ನು ಮರೆಯುತ್ತೇವೆ. ಮೈಸೂರು ಅರಮನೆಗೆ ಆ ಮರೆವಿರಲಿಲ್ಲ. ವೀಣೆ ಶೇಷಣ್ಣ, ಮುತ್ತಯ್ಯ ಭಾಗವತರು, ವಾಸುದೇವಾಚಾರ್ಯರಂಥವರು ಆಸ್ಥಾನದ ಆಸರೆಯಲ್ಲಿದ್ದರು. ತಿಂಗಳ ಸಂಬಳದ ಭದ್ರತೆ ಇದ್ದದ್ದರಿಂದ ರಚನೆಗೂ ಪಾಠಕ್ಕೂ ಬಿಡುವಿತ್ತು. ಸಂಸ್ಥಾನಗಳು ಹೋದಾಗ ಆ ಸಂಬಳವೂ ಹೋಯಿತು. ಅದೃಷ್ಟಕ್ಕೆ, ಅಷ್ಟರಲ್ಲಿ ಇನ್ನೊಂದು ಆಸರೆ ತಲೆಯೆತ್ತಿತ್ತು. ಬೆಂಗಳೂರಿನ ಗಾಯನ ಸಮಾಜ ಹುಟ್ಟಿದ್ದು 1905ರಲ್ಲಿ. ಅರಮನೆಯ ವಿದ್ವಾಂಸರೇ ಆಗಿದ್ದ ಬಿಡಾರಂ ಕೃಷ್ಣಪ್ಪನವರು ತಮ್ಮ ದುಡಿಮೆಯ ಹಣ ಸುರಿದು ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರ ಕಟ್ಟಿದರು. ದೊರೆಯ ದರ್ಬಾರಿನ ಆಚೆಗೂ ಸಂಗೀತಕ್ಕೊಂದು ಜಾಗ ಬೇಕೆಂದು ಒಬ್ಬ ಕಲಾವಿದನಿಗೆ ಅಷ್ಟು ಮೊದಲೇ ಅನ್ನಿಸಿತ್ತು. 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾಯರು ಚಾಮರಾಜಪೇಟೆಯಲ್ಲಿ ಶ್ರೀರಾಮಸೇವಾ ಮಂಡಳಿ ಆರಂಭಿಸಿದರು. ಕೋಟೆ ಪ್ರೌಢಶಾಲೆಯ ಮೈದಾನದ ಪೆಂಡಾಲಿನಲ್ಲಿ ಕರ್ನಾಟಕ, ಹಿಂದೂಸ್ತಾನಿ ಎಂಬ ಭೇದವಿಲ್ಲದೆ ವಾರಗಟ್ಟಲೆ ನಡೆಯುವ ಆ ಉತ್ಸವ ದೇಶದ ದೊಡ್ಡ ವಿದ್ವಾಂಸರನ್ನು ನಮ್ಮೂರಿನ ಬೇಸಿಗೆಗೆ ಕಟ್ಟಿಹಾಕಿತು. ಮೈಸೂರಿನ ವಿ.ವಿ. ಮೊಹಲ್ಲಾದ 8ನೇ ಕ್ರಾಸ್ ಅಂತೂ ಗಣಪತಿ ಹಬ್ಬದಲ್ಲಿ ಬೀದಿಯನ್ನೇ ಸಭಾಂಗಣ ಮಾಡಿಕೊಂಡಿತು. ಇವುಗಳ ನಡುವೆ ಸ್ವಭಾವದ ವ್ಯತ್ಯಾಸ ಬೇಕಾದಷ್ಟಿದೆ. ಆದರೆ ಇಂಥ ಸಂಘಗಳಿಗೆಲ್ಲ ಕಾನೂನಿನ ಬುಡ ಒಂದೇ: ಸೊಸೈಟಿಯೋ ಟ್ರಸ್ಟೋ ಆಗಿ ನೋಂದಾಯಿಸಿಕೊಂಡ ಸಂಸ್ಥೆಯಲ್ಲಿ ಉಳಿದ ಹಣವನ್ನು ಪದಾಧಿಕಾರಿಗಳು ಹಂಚಿಕೊಳ್ಳುವಂತಿಲ್ಲ. ಈ ವರ್ಷ ಮಿಕ್ಕದ್ದು ಮುಂದಿನ ವರ್ಷದ ಕಛೇರಿಗೇ ಹೋಗಬೇಕು.

ಈ ಒಂದು ನಿರ್ಬಂಧದಿಂದ ಏನೆಲ್ಲ ಸಾಧ್ಯವಾಗುತ್ತದೆಂದು ತಿಳಿಯಲು ಒಂದು ಸಂಜೆಯ ಖರ್ಚನ್ನು ಬಿಡಿಸಿ ನೋಡಿದರೆ ಸಾಕು. ಹಾಡುವವರೊಬ್ಬರು, ಪಿಟೀಲು, ಮೃದಂಗ, ಜೊತೆಗೆ ಘಟವೋ ಖಂಜಿರವೋ ಮೋರ್ಸಿಂಗೋ: ನಾಲ್ಕು ಜನರ ಸಂಭಾವನೆ. ಹೊರಊರಿನವರಾದರೆ ಪ್ರಯಾಣ, ತಂಗುವ ವ್ಯವಸ್ಥೆ. ಸಭಾಂಗಣದ ಬಾಡಿಗೆ, ಮೈಕ್‌ಸೆಟ್, ಪತ್ರಿಕೆಯ ಮುದ್ರಣ. ಯುವ ಗಾಯಕಿಯೊಬ್ಬಳ ಕಛೇರಿಗೆ ನೂರೈವತ್ತು ಮಂದಿ ಬಂದರು, ತಲಾ ನೂರು ರೂಪಾಯಿ ಕೊಟ್ಟರು ಎಂದೇ ಇಟ್ಟುಕೊಳ್ಳೋಣ. ಕೈಗೆ ಬರುವ 15,000 ರೂಪಾಯಿಯಲ್ಲಿ ಬಾಡಿಗೆ, ಮೈಕು ಕಳೆದರೆ ನಾಲ್ವರಿಗೆ ಹಂಚಲು ಏನು ಉಳಿದೀತು? ವಿಲಿಯಂ ಬಾಮೋಲ್ ಮತ್ತು ವಿಲಿಯಂ ಬೋವೆನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 1966ರಲ್ಲೇ ಇದರ ಕಾರಣ ಹೇಳಿದ್ದರು. ಕಾರ್ಖಾನೆಯಲ್ಲಿ ಯಂತ್ರ ಬಂದಂತೆ ಒಬ್ಬ ಕೆಲಸಗಾರ ಮಾಡುವ ಸರಕು ಹೆಚ್ಚುತ್ತದೆ, ಕೂಲಿಯೂ ಏರುತ್ತದೆ. ಸಂಗೀತಗಾರನ ಬದುಕಿನ ವೆಚ್ಚ ಆ ಏರಿದ ಕೂಲಿಯ ಲೋಕಕ್ಕೆ ಸೇರಿದ್ದು, ಅವನ ಕೆಲಸ ಮಾತ್ರ ಹಳೆಯ ವೇಗದಲ್ಲೇ ನಡೆಯಬೇಕು. ಮೂರು ಗಂಟೆಯ ಕಛೇರಿಗೆ ಶೇಷಣ್ಣನವರ ಕಾಲದಲ್ಲೂ ಮೂರು ಗಂಟೆ ಬೇಕಿತ್ತು, ಈಗಲೂ ಬೇಕು; ತೋಡಿಯ ಆಲಾಪನೆಯನ್ನು ಇಬ್ಬಿಬ್ಬರು ಪಾಲು ಮಾಡಿಕೊಂಡು ಬೇಗ ಮುಗಿಸಲಾಗದು. ಹಾಗಾಗಿ ಟಿಕೆಟಿನ ಹಣ ವರ್ಷದಿಂದ ವರ್ಷಕ್ಕೆ ಖರ್ಚಿಗಿಂತ ಹಿಂದೆ ಬೀಳುತ್ತಲೇ ಇರುತ್ತದೆ. ಆ ಅಂತರವನ್ನು ಯಾರಾದರೂ ತುಂಬಬೇಕು. ಸಭೆ ತುಂಬುವ ಬಗೆ ಹಲವು: ಆಜೀವ ಸದಸ್ಯತ್ವ, ಹಿರಿಯರ ಹೆಸರಿನ ದತ್ತಿ, ಸ್ಮರಣ ಸಂಚಿಕೆಯ ಜಾಹೀರಾತು, ಸ್ವಂತ ಸಭಾಂಗಣವಿದ್ದರೆ ಅದರ ಬಾಡಿಗೆ, ಕೊನೆಗೆ ಭಾನುವಾರದ ದಪ್ಪಕ್ಷರದವರು ತಂದುಕೊಟ್ಟ ಮಿಗತೆ. ವ್ಯಾಪಾರದ ಸಂಸ್ಥೆಯಲ್ಲಿ ಭಾನುವಾರದ ಮಿಗತೆ ಮಾಲೀಕನ ಜೇಬಿಗೆ ಹೋಗುತ್ತದೆ, ಸಭೆಯಲ್ಲಿ ಅದು ಮಂಗಳವಾರದ ಹುಡುಗಿಗೆ ಹೋಗುತ್ತದೆ.

ಮಂಗಳವಾರದ ಹುಡುಗಿಗೆ ಅಷ್ಟು ಮಹತ್ವವೇಕೆ ಎಂದರೆ, ಈ ಕಲೆಯಲ್ಲಿ ಮೊದಲ ವೇದಿಕೆಗೂ ಹೆಸರು ಬರುವುದಕ್ಕೂ ನಡುವೆ ಹದಿನೈದಿಪ್ಪತ್ತು ವರ್ಷ ಸಲೀಸಾಗಿ ಕಳೆಯುತ್ತವೆ. ಆ ಅವಧಿಯಲ್ಲಿ ಕೇಳುಗರ ಮುಂದೆ ಕೂತು ಹಾಡದೆ ಕಛೇರಿಯ ಹದ ಬರುವುದಿಲ್ಲ. ವರ್ಣ ಎಷ್ಟು ಹೊತ್ತು, ಪ್ರಧಾನ ಕೃತಿ ಯಾವಾಗ ಎತ್ತಿಕೊಳ್ಳಬೇಕು, ತನಿ ಆವರ್ತನಕ್ಕೆ ಎಷ್ಟು ಬಿಡಬೇಕು ಎಂಬುದನ್ನು ಗುರುವಿನ ಮನೆಯಲ್ಲಿ ಪೂರ್ತಿ ಕಲಿಯಲಾಗದು. ಕರ್ನಾಟಕ ಗಾನಕಲಾ ಪರಿಷತ್ತು ಹಿರಿಯರಿಗೆ ಗಾನಕಲಾಭೂಷಣ ಕೊಡುವ ಜೊತೆಗೆ ಕಿರಿಯರಿಗೆ ಗಾನಕಲಾಶ್ರೀ ಎಂಬ ಇನ್ನೊಂದು ಬಿರುದು ಇಟ್ಟುಕೊಂಡಿರುವುದರ ಹಿಂದಿನ ವಿವೇಕ ಇದೇ ಇರಬೇಕು. ಬೆಂಗಳೂರಿನ ಪರ್ಕಸಿವ್ ಆರ್ಟ್ಸ್ ಸೆಂಟರ್ ಲಯವಾದ್ಯಗಾರರನ್ನೇ ಮುಂದಿಟ್ಟುಕೊಂಡು ಕಾರ್ಯಕ್ರಮ ರೂಪಿಸಿದ್ದು ನನ್ನ ದೃಷ್ಟಿಯಲ್ಲಿ ಇನ್ನೂ ದೊಡ್ಡದು. ಪಕ್ಕವಾದ್ಯದವರ ಹೊಟ್ಟೆಪಾಡು ಕಛೇರಿಗಳ ಸಂಖ್ಯೆಯ ಮೇಲೆ ನಿಂತಿದೆ. ಗಾಯಕರೊಬ್ಬರು ಬೇಡಿಕೆ ಹೆಚ್ಚಿದಾಗ ಸಂಭಾವನೆ ಏರಿಸಿಯಾರು. ಘಟದವರಿಗೆ ಆ ಸ್ವಾತಂತ್ರ್ಯವಿಲ್ಲ, ಅವರಿಗೆ ಬೇಕಾದದ್ದು ಹೆಚ್ಚು ಸಂಜೆಗಳು. 2020ರಲ್ಲಿ ಇದು ಕಣ್ಣಿಗೆ ಹೊಡೆದಂತೆ ಕಂಡಿತು. ಕೊರೊನಾದಿಂದಾಗಿ ಮಾರ್ಚ್ 25ಕ್ಕೆ ದೇಶ ಬಾಗಿಲು ಹಾಕಿತು, ಏಪ್ರಿಲ್ 2 ರಾಮನವಮಿ. ಪೆಂಡಾಲುಗಳೇ ಏಳಲಿಲ್ಲ. ಹೆಸರಾಂತರು ಮನೆಯಿಂದಲೇ ಆನ್‌ಲೈನ್ ಕಛೇರಿಗೆ, ವಿದೇಶದ ಶಿಷ್ಯರ ಪಾಠಕ್ಕೆ ಹೊರಳಿಕೊಂಡರು. ತಂಬೂರಿಯ ಆ್ಯಪ್ ಹಾಕಿಕೊಂಡು ಒಬ್ಬರೇ ಹಾಡಬಹುದು, ಒಬ್ಬರೇ ಕೂತು ಘಟದಂಥ ಉಪಪಕ್ಕವಾದ್ಯ ನುಡಿಸಲಾಗದು.

ಪ್ರತಿಭೆ ಇದ್ದರೆ ಸಾಕು, ವೇದಿಕೆ ತಾನಾಗಿ ಹುಟ್ಟುತ್ತದೆ ಎಂದು ನಂಬುವವರು ಧಾರವಾಡದ ಕಡೆ ನೋಡಬೇಕು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಒಂದೇ ಸೀಮೆಯಲ್ಲಿ, ಒಂದೇ ಕಾಲದಲ್ಲಿ ಹಾಡುತ್ತಿದ್ದರು. ಅದಕ್ಕಿಂತ ಹೆಚ್ಚು ಪ್ರತಿಭೆಯನ್ನು ಯಾವ ಸೀಮೆ ಬೇಡೀತು? ಆದರೂ ಕುಂದಗೋಳದ ಸವಾಯಿ ಗಂಧರ್ವರ ಹೆಸರಿನ ಅತಿದೊಡ್ಡ ಉತ್ಸವ 1953ರಿಂದ ನಡೆದುಬಂದಿರುವುದು ಪುಣೆಯಲ್ಲಿ, ಅದನ್ನು ಕಟ್ಟಿ ನಿಲ್ಲಿಸಿದವರು ಗದಗದ ಕಡೆಯ ಭೀಮಸೇನ ಜೋಶಿ, ನಡೆಸುವುದು ಆರ್ಯ ಸಂಗೀತ ಪ್ರಸಾರಕ ಮಂಡಲ. ಕುಂದಗೋಳದ ನಾಡಗೇರ ವಾಡೆಯಲ್ಲೂ ಸವಾಯಿ ಗಂಧರ್ವರ ನೆನಪಿಗೆ ಇಡೀ ರಾತ್ರಿ ಹಾಡುವ ಪದ್ಧತಿ ಇದೆ, ಕೇಳಿದವರಿಗೆ ಅದರ ಬೆಲೆ ಗೊತ್ತು. ಆದರೆ ಟಿಕೆಟು ಕೊಂಡು ದಿನಗಟ್ಟಲೆ ಕೂರುವ ಸಾವಿರಾರು ಕೇಳುಗರನ್ನು ವರ್ಷವರ್ಷವೂ ಕೂಡಿಸುವ ಸಂಘಟನೆ ಪುಣೆಯಲ್ಲಿ ಬೆಳೆಯಿತು. ನಮ್ಮ ಕಲಾವಿದರು ಗುಡ್ಡದಷ್ಟು ಗಳಿಸಿದ ಕೀರ್ತಿಯ ಸುತ್ತ ಬೆಳೆಯಬೇಕಿದ್ದ ಕಸುಬಿನ ಬಹುಪಾಲು ಗಡಿಯಾಚೆ ಬೆಳೆಯಿತು ಎಂದರೆ ಧಾರವಾಡದವರು ಸಿಟ್ಟಾಗಬಾರದು.

ಇದಕ್ಕೆ ಎದುರಾಗಿ ಬರುವ ಮೊದಲ ಮಾತು, ಸಭೆಗಳೇ ಸಂಗೀತದ ಬೆಲೆ ಇಳಿಸಿದವು ಎಂಬುದು. ಪುಕ್ಕಟೆ ಕೇಳುವ ಚಟ ಹತ್ತಿಸಿ, ಐನೂರು ರೂಪಾಯಿ ಕೊಟ್ಟು ಸಿನಿಮಾ ನೋಡುವವರು ಕಛೇರಿಗೆ ನೂರು ಕೊಡಲೂ ಹಿಂಜರಿಯುವಂತೆ ಮಾಡಿದವು ಎನ್ನುತ್ತಾರೆ. ಇದರಲ್ಲಿ ಅರ್ಧ ನಿಜವಿದೆ. ಆದರೆ ಪೆಂಡಾಲಿನ ಹೊರಗೆ ರಸ್ತೆಯಲ್ಲಿ ನಿಂತು ಕೇಳುತ್ತಿದ್ದವರಿಂದ ಸಭೆಗೆ ಒಂದು ರೂಪಾಯಿಯೂ ನಷ್ಟವಾಗಲಿಲ್ಲ. ಅವರು ಟಿಕೆಟು ಕೊಳ್ಳುವವರೇ ಆಗಿರಲಿಲ್ಲ, ಅವರ ಮಕ್ಕಳು ಆಗಿರಬಹುದು. ಪುಕ್ಕಟೆ ಕೇಳಿಸುವುದು ಕೇಳುಗರನ್ನು ಬೆಳೆಸುವ ಖರ್ಚು. ಅನ್ಯಾಯವಾಗುವುದು ಆ ಖರ್ಚನ್ನು ಕಲಾವಿದರ ಸಂಭಾವನೆಯಿಂದ ಮುರಿದುಕೊಂಡಾಗ. ಯೂಟ್ಯೂಬ್ ಇರುವಾಗ ಸಭೆ ಏಕೆ ಎಂಬ ಇನ್ನೊಂದು ಪ್ರಶ್ನೆಗೆ ಹೆಚ್ಚು ಹೊತ್ತು ಬೇಡ. ಯೂಟ್ಯೂಬ್ ಆಗಲೇ ಬಲ್ಲವರನ್ನು ಇನ್ನಷ್ಟು ಕೇಳಿಸುತ್ತದೆ, ಯಾರೂ ಹುಡುಕದ ಹೆಸರನ್ನು ಪತ್ರಿಕೆಯಲ್ಲಿ ಹಾಕುವ ಕಾರ್ಯದರ್ಶಿಯ ಕೆಲಸ ಅದಕ್ಕೆ ಬಾರದು.

ಆ ಕಾರ್ಯದರ್ಶಿಯ ಕೈಯಲ್ಲಿರುವ ಅಧಿಕಾರದ ಬಗೆಗಿನ ಆಕ್ಷೇಪ ಮಾತ್ರ ನಿಜಕ್ಕೂ ಗಟ್ಟಿಯಾದದ್ದು. ಸಭೆ ಎಂದರೆ ನಾಲ್ಕಾರು ಜನರ ಕೂಟ. ಯಾರಿಗೆ ಯಾರು ಪಕ್ಕವಾದ್ಯ ಎಂಬುದು ಅವರ ಇಷ್ಟಾನಿಷ್ಟಕ್ಕೆ ಬಿಟ್ಟದ್ದು. ಜಾತಿ, ಲಿಂಗ, ಗುರುಪರಂಪರೆಯ ಬೇಲಿಗಳು ಅಲ್ಲಿ ಸದ್ದಿಲ್ಲದೆ ಬೆಳೆಯುತ್ತವೆ. ಸಾಕ್ಷ್ಯ ಹುಡುಕಲು ಕಷ್ಟಪಡಬೇಕಿಲ್ಲ. 1928ರಲ್ಲಿ ಆರಂಭವಾದ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಮೃದಂಗ ವಿದ್ವಾಂಸರೊಬ್ಬರಿಗೆ ಮೊದಲು ಸಂದದ್ದು 1966ರಲ್ಲಿ, ಪಾಲ್ಘಾಟ್ ಮಣಿ ಅಯ್ಯರ್ ಅವರಿಗೆ. ಮಹಿಳೆಯೊಬ್ಬರಿಗೆ ಸಂದದ್ದು 1968ರಲ್ಲಿ, ಅದೂ ಎಂ.ಎಸ್. ಸುಬ್ಬುಲಕ್ಷ್ಮಿಯವರಂಥವರಿಗೆ. ಹೆಣ್ಣೆಂಬ ಕಾರಣಕ್ಕೆ ವೇದಿಕೆ ತಪ್ಪಿದ್ದನ್ನು ಬೆಂಗಳೂರಿನ ಘಟ ವಾದಕಿ ಸುಕನ್ಯಾ ರಾಮಗೋಪಾಲ್ ಬಹಿರಂಗವಾಗಿಯೇ ಹೇಳಿದ್ದಾರೆ. ಕೊನೆಗೆ ಅವರು ಸ್ತ್ರೀ ತಾಳ್ ತರಂಗ್ ಎಂಬ ಹೆಂಗಸರ ತಂಡವನ್ನೇ ಕಟ್ಟಿದರು. ನಾಗಸ್ವರದವರನ್ನು ಮಂಗಳವಾದ್ಯವೆಂದು ಮೊದಲೇ ನುಡಿಸಿಸಿ, ಜನ ಕುರ್ಚಿ ಹಿಡಿಯುವ ಗದ್ದಲದಲ್ಲಿ ಮುಗಿಸಿಬಿಡುವುದು ಇಂದಿಗೂ ಅಪರೂಪವಲ್ಲ. ಇದನ್ನೆಲ್ಲ ಒಪ್ಪಿಕೊಂಡೂ ನಾನು ಸಭೆಯ ಪಕ್ಷವನ್ನೇ ವಹಿಸುತ್ತೇನೆ. ಮಾರುಕಟ್ಟೆಗೆ ಬಿಟ್ಟರೆ ಬೇಲಿಗಳು ಬೀಳುವುದಿಲ್ಲ, ಆಗಲೇ ಹೆಸರಿದ್ದವರ ಸುತ್ತ ಇನ್ನಷ್ಟು ಬಿಗಿಯಾಗುತ್ತವೆ. ಸಭೆಗಾದರೆ ಸದಸ್ಯರಿದ್ದಾರೆ, ವಾರ್ಷಿಕ ಸಭೆ ಇದೆ, ಲೆಕ್ಕಪತ್ರ ಒಪ್ಪಿಸುವ ಹೊಣೆ ಇದೆ. ಆಜೀವ ಸದಸ್ಯರು ವಾರ್ಷಿಕ ಸಭೆಗೆ ಹೋಗುವುದೇ ಇಲ್ಲ, ಹೋದವರು ಕಾಫಿಯ ಬಗ್ಗೆ ಮಾತಾಡುತ್ತಾರೆ ಎಂಬುದು ಬೇರೆ ಮಾತು.

ಸರ್ಕಾರವೇ ನಡೆಸಲಿ ಎನ್ನುವವರಿಗೆ ಮೈಸೂರು ದಸರಾ ಇದೆ. ಅರಮನೆಯ ಮುಂದಿನ ವೇದಿಕೆ ಭವ್ಯವಾದದ್ದು, ಸಂಭಾವನೆಯೂ ಸಣ್ಣದಲ್ಲ. ಆದರೆ ಅದು ವರ್ಷದ ಕೆಲವೇ ದಿನಗಳ ವೈಭವ. ಶ್ರಾವಣದ ಒಂದು ಗುರುವಾರ ಯಾರು ಹಾಡಬೇಕೆಂದು ಇಲಾಖೆ ಯೋಚಿಸಲಾರದು, ಯೋಚಿಸಬೇಕಾಗಿಯೂ ಇಲ್ಲ. ಸರ್ಕಾರದಿಂದ ಬೇಕಾದದ್ದು ತೆರಿಗೆಯಲ್ಲಿ ಸ್ವಲ್ಪ ಜಾಣತನ. ಆ ಜಾಣತನ ಕೆಲವು ಕಡೆ ಕಂಡಿದೆ: ಐನೂರು ರೂಪಾಯಿ ಮೀರದ ಸಂಗೀತ ಕಾರ್ಯಕ್ರಮದ ಟಿಕೆಟ್ಟಿಗೆ, ಒಂದೂವರೆ ಲಕ್ಷ ಮೀರದ ಶಾಸ್ತ್ರೀಯ ಮತ್ತು ಜಾನಪದ ಕಲಾವಿದರ ಸಂಭಾವನೆಗೆ ಜಿಎಸ್‌ಟಿ ವಿನಾಯಿತಿ ಕೊಟ್ಟದ್ದು ಸಭೆಗಳನ್ನು ಬದುಕಿಸಿತು. 2013ರ ಕಂಪನಿ ಕಾಯ್ದೆ ಸಾಮಾಜಿಕ ಹೊಣೆಗಾರಿಕೆಯ ಹಣವನ್ನು ಕಲೆ, ಸಂಸ್ಕೃತಿಗೂ ಬಳಸಲು ದಾರಿ ಬಿಟ್ಟಿದೆ, ಆ ಹಣ ಸಣ್ಣ ಸಭೆಗಳತ್ತ ಇಣುಕುವುದು ಅಪರೂಪವಾದರೂ. ಇನ್ನೊಂದು ಬಾಗಿಲು ಮಾತ್ರ ಯಾರ ಗಮನಕ್ಕೂ ಬಾರದೆ ಮುಚ್ಚಿಕೊಳ್ಳುತ್ತಿದೆ. ಸಭೆಗೆ ಐದೋ ಹತ್ತೋ ಸಾವಿರ ದೇಣಿಗೆ ಕೊಡುತ್ತಿದ್ದ ಮಧ್ಯಮ ವರ್ಗದ ರಸಿಕರಿಗೆ 80ಜಿ ತೆರಿಗೆ ಕಡಿತದ ರಸೀದಿಯ ಆಕರ್ಷಣೆಯಿತ್ತು. ಹೊಸ ತೆರಿಗೆ ಪದ್ಧತಿಯಲ್ಲಿ ಆ ಕಡಿತವಿಲ್ಲ, ಸಂಬಳದಾರರು ಗುಂಪುಗುಂಪಾಗಿ ಅತ್ತ ಸಾಗಿದ್ದಾರೆ. ರಸೀದಿಯ ಆಸೆಗೆ ಕೊಡುತ್ತಿದ್ದವರು ನಿಂತರೆ ಬಡವಾಗುವುದು ಭಾನುವಾರವಲ್ಲ, ಮಂಗಳವಾರ.

ಹೀಗಿರುವಾಗ ಸಭೆಗಳು ಉಳಿದ ದಾನಿಗಳನ್ನು ಹಿಡಿದುಕೊಳ್ಳಬೇಕಾದರೆ ವಿಶ್ವಾಸವೊಂದೇ ದಾರಿ. ಸ್ಮರಣ ಸಂಚಿಕೆಯಲ್ಲಿ ಮಂತ್ರಿಗಳ ಶುಭಾಶಯಕ್ಕೆ ಕೊಡುವ ಪುಟಗಳಲ್ಲಿ ಒಂದನ್ನು ಉಳಿಸಿ, ಕಳೆದ ವರ್ಷ ಬಂದದ್ದೆಷ್ಟು, ಮುಖ್ಯ ಕಲಾವಿದರಿಗೆ ಹೋದದ್ದೆಷ್ಟು, ಪಕ್ಕವಾದ್ಯಕ್ಕೆಷ್ಟು, ಯುವ ಕಲಾವಿದರ ಕಛೇರಿಗಳಲ್ಲಿ ಕೈಯಿಂದ ಹೋದದ್ದೆಷ್ಟು ಎಂದು ಅಚ್ಚು ಹಾಕಲಿ. ಹೆಸರುಗಳು ಬೇಡ, ಒಟ್ಟು ಮೊತ್ತಗಳು ಸಾಕು. ಪಿಟೀಲು, ಮೃದಂಗಗಳಿಗೆ ಮುಖ್ಯ ಸಂಭಾವನೆಯ ಇಂತಿಷ್ಟು ಪಾಲಿಗಿಂತ ಕಡಿಮೆ ಕೊಡುವುದಿಲ್ಲವೆಂದು ನಾಲ್ಕು ದೊಡ್ಡ ಸಭೆಗಳು ಸೇರಿ ನಿಶ್ಚಯಿಸಿದರೆ ಉಳಿದವು ಹಿಂಬಾಲಿಸದೆ ವಿಧಿಯಿಲ್ಲ. ಪ್ರತಿ ಉತ್ಸವದಲ್ಲೂ ಒಂದು ನಾಗಸ್ವರ ಕಛೇರಿಯನ್ನು ಸಂಜೆ ಆರೂವರೆಯ ಮುಖ್ಯ ಹೊತ್ತಿಗೇ ಇಡಬಹುದು. ಕುರ್ಚಿಗಳು ತುಂಬದಿದ್ದರೆ ತುಂಬದಿರಲಿ, ಆ ಖಾಲಿ ಕುರ್ಚಿಗಳ ಖರ್ಚನ್ನು ಹೊರುವುದಕ್ಕೆಂದೇ ದಾನಿಗಳು ಹಣ ಕೊಟ್ಟಿರುವುದು.