ಅತಿಥಿಸ್ಮೃತಿಯೂ ಆತಿಥೇಯನೂ: ಒಂದು ಪರಿಭಾಷಾವಿಮರ್ಶೆ

ಗಣಕಯಂತ್ರಶಾಸ್ತ್ರದ ವಿಷಯಗಳನ್ನು ಕನ್ನಡಕ್ಕೆ ತರುವವರು ‘ಹೋಸ್ಟ್’ ಎಂಬುದಕ್ಕೆ ಆತಿಥೇಯವೆಂದೂ ‘ಗೆಸ್ಟ್’ ಎಂಬುದಕ್ಕೆ ಅತಿಥಿಯೆಂದೂ ಬರೆಯುವ ವಾಡಿಕೆಯುಂಟು. ಮೇಲುನೋಟಕ್ಕೆ ಇದರಲ್ಲಿ ದೋಷವೇನೂ ಕಾಣದು. ಆದರೆ ‘ಕಾನ್ಫಿಡೆನ್ಷಿಯಲ್ ವರ್ಚುಯಲ್ ಮಷೀನ್’ ಎಂಬ ಹೊಸ ಏರ್ಪಾಡಿನಲ್ಲಿ, ವಿಶೇಷವಾಗಿ ಅತಿಥಿಯ ಖಾಸಗಿ ಸ್ಮೃತಿಯ ನಿರ್ವಹಣೆಯನ್ನು ಹೇಳುವ ಪ್ರಕರಣದಲ್ಲಿ, ಈ ಜೋಡಿಶಬ್ದಗಳು ಅರ್ಥವನ್ನು ಮರೆಸುವುದಲ್ಲದೆ ವಿಪರೀತವನ್ನೇ ಬೋಧಿಸುತ್ತವೆಂಬುದು ನಮ್ಮ ಅಭಿಪ್ರಾಯ. ಇದು ಬರಿಯ ಶಬ್ದಕಲಹವಲ್ಲ. 2001ನೆಯ ಇಸವಿ ಫೆಬ್ರವರಿ 28ರಂದು ಚಿನ್ನದ ಗಣಿಗಳು ಮುಚ್ಚಿದ ಬಳಿಕ ಬೇತಮಂಗಲ, ಬಂಗಾರಪೇಟೆ ಮೊದಲಾದ ಈ ಸೀಮೆಯ ತರುಣರು ಅನೇಕರು ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಜೀವನ ಸಾಗಿಸುತ್ತಿರುವರು. ಈ ಏರ್ಪಾಡಿಗೆ ಬೇಕಾದ ಯಂತ್ರಹೃದಯವನ್ನು ತಯಾರಿಸುವವರಲ್ಲಿ ಮುಖ್ಯರಾದ ಎ.ಎಂ.ಡಿ. ಸಂಸ್ಥೆಯವರು 2023ರ ನವೆಂಬರಿನಲ್ಲಿ ತಮ್ಮ ಅತಿ ದೊಡ್ಡ ವಿನ್ಯಾಸಕೇಂದ್ರವನ್ನು ತೆರೆದುದು ಆ ಬೆಂಗಳೂರಿನಲ್ಲಿಯೇ. ಕನ್ನಡದಲ್ಲಿ ಓದಿ ಅಲ್ಲಿಗೆ ಹೋಗುವ ಹುಡುಗನಿಗೆ ಮೊದಲ ಶಬ್ದವೇ ತಪ್ಪು ದಾರಿ ತೋರಿಸಬಾರದು.

ವಿಷಯದ ಸ್ವರೂಪವನ್ನು ಮೊದಲು ಹೇಳತಕ್ಕದ್ದು. ಒಂದು ದೊಡ್ಡ ಯಂತ್ರವನ್ನು ತಂತ್ರಾಂಶಬಲದಿಂದ ಅನೇಕ ಯಂತ್ರಗಳಂತೆ ವಿಭಾಗಿಸಿ, ಒಂದೊಂದನ್ನು ಒಬ್ಬೊಬ್ಬರಿಗೆ ಬಾಡಿಗೆಗೆ ಕೊಡುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಈ ಪದ್ಧತಿಯಲ್ಲಿ ದೊಡ್ಡ ಯಂತ್ರದ ಒಡೆಯನು ಬಾಡಿಗೆದಾರನ ಸ್ಮೃತಿಯಲ್ಲಿರುವ ಯಾವ ಪುಟವನ್ನಾದರೂ ಓದಬಲ್ಲವನಾಗಿದ್ದನು. ಬ್ಯಾಂಕಿನ ಲೆಕ್ಕವಾಗಲಿ ರೋಗಿಯ ದಾಖಲೆಯಾಗಲಿ ಅವನಿಗೆ ತೆರೆದ ಪುಸ್ತಕವೇ. ಈ ಅಧಿಕಾರವನ್ನು ಕಳೆಯುವ ಸಲುವಾಗಿ ಎ.ಎಂ.ಡಿ.ಯವರು 2017ರ ತಮ್ಮ ಎಪಿಕ್ ಯಂತ್ರಗಳಲ್ಲಿ ಅತಿಥಿಯ ಸ್ಮೃತಿಯನ್ನು ಗೂಢಲಿಪಿಗೊಳಿಸುವ ಉಪಾಯವನ್ನು ತಂದರು. 2021ರಲ್ಲಿ ಬಂದ ಎಸ್.ಎನ್.ಪಿ. ಎಂಬ ಪರಿಷ್ಕಾರದಲ್ಲಿ 4096 ಬೈಟುಗಳ ಒಂದೊಂದು ಪುಟವೂ ಯಾರ ಸ್ವತ್ತೆಂಬುದನ್ನು ಯಂತ್ರವೇ ಒಂದು ಕೋಷ್ಟಕದಲ್ಲಿ ದಾಖಲಿಸುವುದು. ಒಡೆಯನು ಓದಿದರೆ ಗೂಢಲಿಪಿ ಮಾತ್ರ ಕಾಣುವುದು, ಬರೆಯಹೋದರೆ ತಡೆಯುಂಟಾಗುವುದು. ಇಂಟೆಲಿನವರ ಟಿ.ಡಿ.ಎಕ್ಸ್. ಕೂಡ ಇದೇ ಉದ್ದೇಶದ್ದು. ಇಷ್ಟನ್ನೂ ಹೊಂದಿಸಿ ನಡೆಸುವ ಹೊಣೆ ಲಿನಕ್ಸಿನ ಮೇಲೆ ಬಿತ್ತು. 2024ರ ಮಾರ್ಚಿನಲ್ಲಿ ಹೊರಬಂದ ಅದರ 6.8ನೆಯ ಆವೃತ್ತಿಯಲ್ಲಿ ‘ಗೆಸ್ಟ್ ಮೆಮ್‌ಎಫ್‌ಡಿ’ ಎಂಬ ವ್ಯವಸ್ಥೆ ಸೇರಿತು. ಅದರ ಸಾರವಿಷ್ಟು: ಅತಿಥಿಯ ಖಾಸಗಿ ಪುಟಗಳನ್ನು ಒದಗಿಸುವುದಕ್ಕೆ ಒಡೆಯನ ಕೈಗೆ ಒಂದು ಹಿಡಿಯನ್ನು ಕೊಡುವುದು, ಆದರೆ ಆ ಪುಟಗಳಿಗೆ ಅವನ ಕಡೆಯಿಂದ ವಿಳಾಸವೇ ಇಲ್ಲದಂತೆ ಮಾಡುವುದು. ಕೈಯಲ್ಲಿ ಹಿಡಿಯುಂಟು, ಕಣ್ಣಿಗೆ ದಾರಿಯಿಲ್ಲ.

ಇನ್ನು ಶಬ್ದವಿಚಾರ. ಆತಿಥೇಯಶಬ್ದವು ಪಾಣಿನೀಯದಲ್ಲಿ ಸಾಧಿತವಾದದ್ದು. ಆ ತದ್ಧಿತಪ್ರತ್ಯಯದ ಅರ್ಥವೇ ‘ಅತಿಥಿಗಳ ವಿಷಯದಲ್ಲಿ ಸಾಧುವಾದವನು’ ಎಂಬುದು. ಎಂದರೆ ಆತಿಥೇಯನೆಂದು ಕರೆದೊಡನೆಯೇ ಅವನ ಸೌಜನ್ಯಕ್ಕೆ ವ್ಯಾಕರಣವು ಪ್ರಮಾಣಪತ್ರವನ್ನು ಬರೆದುಕೊಟ್ಟಂತಾಯಿತು! ಪ್ರಕೃತ ವ್ಯವಸ್ಥೆಯಾದರೋ ಅವನು ಸಾಧುವಲ್ಲದಿದ್ದರೂ ಕೆಡುಕಾಗದಿರಲೆಂದೇ ಹುಟ್ಟಿದ್ದು. ಇಂಗ್ಲಿಷಿನ ಶಬ್ದಕ್ಕೆ ಈ ಸಂಕಟವಿಲ್ಲ. ಅದರ ಲ್ಯಾಟಿನ್ ಮೂಲದ ಹತ್ತಿರದಲ್ಲಿಯೇ ಮೊದಲು ಪರದೇಶಿಯನ್ನೂ ಆಮೇಲೆ ಶತ್ರುವನ್ನೂ ಹೇಳುವ ‘ಹೋಸ್ಟಿಸ್’ ಶಬ್ದವಿರುವುದರಿಂದ ಸಂಶಯಕ್ಕೆ ಅಲ್ಲಿ ಎಡೆಯುಂಟು. ಅತಿಥಿಶಬ್ದದಲ್ಲಿ ಇಷ್ಟು ದೋಷವಿಲ್ಲ. ನೆಲೆಯಾಗಿ ನಿಲ್ಲದವನಾದುದರಿಂದ ಅತಿಥಿಯೆಂಬ ಮನುವಿನ ನಿರ್ವಚನವು, ಬೇಕೆಂದಾಗ ಹುಟ್ಟಿ ಕೆಲಸ ತೀರಿದೊಡನೆ ಅಳಿಯುವ ಈ ಯಂತ್ರಗಳಿಗೆ ಚೆನ್ನಾಗಿಯೇ ಒಪ್ಪುವುದು. ಆದರೂ ಅತಿಥಿಯು ಬಂದ ಮನೆಯನ್ನು ಶಂಕಿಸುವುದು ನಮ್ಮಲ್ಲಿ ಅತಿಥಿಧರ್ಮವೆನಿಸದು. ನಮ್ಮ ಸಾಹಿತ್ಯದಲ್ಲಿ ಹೋಲಿಕೆಯನ್ನು ಹುಡುಕುವುದಾದರೆ ಅತಿಥಿಸತ್ಕಾರದ ಕಥೆಗಳನ್ನು ಬಿಟ್ಟು ವಾರಣಾವತದ ಅರಗಿನ ಮನೆಗೆ ಹೋಗಬೇಕು. ಅಲ್ಲಿ ಯುಧಿಷ್ಠಿರನು ಒಳಹೊಕ್ಕೊಡನೆ ತುಪ್ಪ ಅರಗುಗಳ ವಾಸನೆಯಿಂದ ಮನೆ ಯಾವುದರಿಂದ ಕಟ್ಟಲ್ಪಟ್ಟಿತೆಂದು ತಿಳಿದನಷ್ಟೆ. ಇಲ್ಲಿಯೂ ಗುಟ್ಟನ್ನು ಒಪ್ಪಿಸುವ ಮೊದಲು ಬಾಡಿಗೆದಾರನು ಯಂತ್ರದಿಂದ ಸಹಿಮಾಡಿದ ಸಾಕ್ಷ್ಯವನ್ನು ಪಡೆದು ನೋಡುವನು.

ಹಾಗಾದರೆ ತಕ್ಕ ಶಬ್ದವೆಲ್ಲಿದೆ? ಕರ್ಣಾಟಕದ ಕಲ್ಯಾಣನಗರದಲ್ಲಿ ಚಾಳುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರೆಯಲ್ಲಿದೆ. ವ್ಯವಹಾರಾಧ್ಯಾಯದಲ್ಲಿ ಉಪನಿಧಿಯೆಂಬ ಒಂದು ಪ್ರಕರಣವುಂಟು. ಎಣಿಸಿ ತೋರಿಸಿ ಒಪ್ಪಿಸಿದ ಇಡುಗಂಟು ನಿಕ್ಷೇಪ. ಒಳಗೇನಿದೆಯೆಂದು ಹೇಳದೆ, ಎಣಿಸದೆ, ಪೆಟ್ಟಿಗೆಯಲ್ಲಿಟ್ಟು ಮುದ್ರೆಯೊತ್ತಿ ಒಪ್ಪಿಸಿದ್ದು ಉಪನಿಧಿ. ಇಟ್ಟುಕೊಂಡವನು ಅದನ್ನು ಹಾಗೆಯೇ ಹಿಂತಿರುಗಿಸಬೇಕು; ತನ್ನಿಚ್ಛೆಯಂತೆ ಬಳಸಿ ಲಾಭಪಡೆದರೆ ದಂಡವುಂಟು; ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಹೋದರೆ ಅವನ ಮೇಲೆ ಹೊರೆಯಿಲ್ಲ; ಕೇಳಿದಾಗ ಕೊಡದಿದ್ದು ಆಮೇಲೆ ಹೋದರೆ ಹೊರೆಯುಂಟು. ಹಳೆಯ ಬಾಡಿಗೆಯಂತ್ರದ ಸ್ಮೃತಿ ನಿಕ್ಷೇಪ, ಹೊಸದರ ಸ್ಮೃತಿ ಉಪನಿಧಿ. ಇಂಗ್ಲಿಷಿನಲ್ಲಿ ವಿಶೇಷಣ ಸೇರಿಸಿ ತೋರಿಸುವ ಭೇದವನ್ನು ನಮ್ಮ ನ್ಯಾಯಶಾಸ್ತ್ರಕಾರರು ಎರಡು ಬೇರೆ ಶಬ್ದಗಳಲ್ಲಿಯೇ ತೋರಿಸಿದ್ದಾರೆ. ಭೇದವೊಂದುಂಟು: ಅವರು ಮುದ್ರೆಯನ್ನು ಒಡೆದವನಿಗೆ ದಂಡವನ್ನು ವಿಧಿಸಿದರು, ಇವರು ಒಡೆದರೂ ಫಲವಿಲ್ಲದ ಮುದ್ರೆಯನ್ನು ಮಾಡಲೆತ್ನಿಸಿದರು.

ಇಲ್ಲಿ ಶಂಕೆ ಹುಟ್ಟಬಹುದು: ಉಪನಿಧಿಯು ಪೆಟ್ಟಿಗೆಯಲ್ಲಿ ಸುಮ್ಮನಿರುವ ವಸ್ತು, ಸ್ಮೃತಿಯಾದರೋ ಕ್ಷಣಕ್ಷಣಕ್ಕೂ ಬದಲಾಗುವಂಥದು, ಅದನ್ನು ಒಡೆಯನು ಕಾಣದೆ ನಿರ್ವಹಿಸುವುದೆಂತು? ಇದಕ್ಕೆ ನಮ್ಮ ಕೆರೆಗಳ ಕಡೆ ನೋಡಿದರೆ ಸಾಕು. ಬೇತಮಂಗಲದ ಕೆರೆಯ ನೀರು ಚಿನ್ನದ ಗಣಿಗಳಿಗೆ ಕುಡಿಯಲು ಹೋದದ್ದನ್ನು ಎಲ್ಲರೂ ಬಲ್ಲರು; ಅದಕ್ಕಿಂತ ಹಳೆಯದಾದ ಸಂಸ್ಥೆ ಈ ಸೀಮೆಯ ನೀರುಗಂಟಿ. ಅವನು ತೂಬೆತ್ತಿ ಗದ್ದೆಗೆ ಸಲ್ಲಬೇಕಾದಷ್ಟು ನೀರನ್ನು ಅಳೆದು ಬಿಡುವನು; ಮಡಿಯೊಳಗಿನ ಬೆಳೆ ರೈತನದು. ಲಿನಕ್ಸಿನ ಒಡೆಯನೂ ಹೀಗೆಯೇ ಪುಟಗಳನ್ನು ಲೆಕ್ಕದಿಂದ ಕೊಡುವನು, ಲೆಕ್ಕದಿಂದ ಹಿಂತೆಗೆಯುವನು. ಹಿಂತೆಗೆದಾಗ ಅವನಿಗೆ ದಕ್ಕುವುದು ಬರಿಯ ಜಾಗ.

ಕಷ್ಟವಿರುವುದು ಬೇರೆಡೆಯಲ್ಲಿ. ತಂತಿಯಿಂದ ಬರುವ ಹೋಗುವ ಮಾಹಿತಿಗಾಗಿ ಅತಿಥಿಯು ಕೆಲವು ಪುಟಗಳನ್ನು ಒಡೆಯನೊಡನೆ ಹಂಚಿಕೊಳ್ಳಲೇಬೇಕು. ಮೊದಲಿನ ರಚನೆಯಲ್ಲಿ ಖಾಸಗಿ ಪುಟ ಒಂದು ಭಂಡಾರದಿಂದಲೂ ಹಂಚಿದ ಪುಟ ಇನ್ನೊಂದರಿಂದಲೂ ಬರುವುವು. ಪುಟವೊಂದು ಹಂಚಿದ್ದಾಗಿ ಮಾರ್ಪಟ್ಟಾಗ ಹಳೆಯದನ್ನು ಬಿಟ್ಟುಕೊಡದಿದ್ದರೆ ಒಂದೇ ಪುಟಕ್ಕೆ ಎರಡು ಜಾಗದ ಖರ್ಚು. ಇದಲ್ಲದೆ 20 ಲಕ್ಷ ಬೈಟಿಗೂ ಮೇಲ್ಪಟ್ಟ ದೊಡ್ಡ ಪುಟಗಳಿಂದ ವೇಗ ಹೆಚ್ಚುವುದಷ್ಟೆ. ಅದರೊಳಗೆ ಒಂದು ಸಣ್ಣ ಪುಟವನ್ನು ಹಂಚಬೇಕಾದರೂ ದೊಡ್ಡದನ್ನು ಒಡೆಯಬೇಕಾಗುವುದು. ಇಂಥ ಪುಟವನ್ನು ಸಮಯಕ್ಕೆ ತಟ್ಟೆಗೆ ಸಾಗಿಸಿ ಜಾಗ ಮಾಡಿಕೊಳ್ಳುವ ಹಳೆಯ ಸೌಕರ್ಯವೂ ಇಲ್ಲ. ಗುಟ್ಟಿಗೆ ತೆರಬೇಕಾದ ಬೆಲೆ ಇದು. ಇಷ್ಟಾದರೂ ಒಡೆಯನು ಯಂತ್ರವನ್ನೇ ನಿಲ್ಲಿಸಿಬಿಟ್ಟರೆ ಅತಿಥಿಗೆ ರಕ್ಷಣೆಯಿಲ್ಲ. ಉಪನಿಧಿಪ್ರಕರಣದಲ್ಲಿ ರಾಜದೈವಗಳಿಗೆ ಬಿಟ್ಟ ಭಾಗ ಇದೆಂದು ತಿಳಿಯಬಹುದು.

ಆದುದರಿಂದ ಖಾಸಗಿ ಸ್ಮೃತಿಗೆ ‘ಉಪನಿಧಿಸ್ಮೃತಿ’ಯೆಂದೂ, ಗುಣದೋಷಗಳನ್ನು ಹೇಳದೆ ಸಂಬಂಧವನ್ನು ಮಾತ್ರ ಹೇಳುವ ಆಶ್ರಯ, ಆಶ್ರಿತ ಎಂಬ ಶಬ್ದಗಳನ್ನು ಆತಿಥೇಯ, ಅತಿಥಿಗಳ ಸ್ಥಾನದಲ್ಲಿಯೂ ಬಳಸಬಹುದೆಂದು ನಮಗೆ ತೋರುತ್ತದೆ. ನೈಯಾಯಿಕರ ಆಧಾರ, ಆಧೇಯಗಳು ಇನ್ನೂ ನಿರ್ದುಷ್ಟವಾದವು. ಆದರೆ ಆಧಾರವೆಂದೊಡನೆ ಇಂದಿನ ಓದುಗನ ಕೈ 12 ಅಂಕಿಗಳ ಚೀಟಿಗಾಗಿ ಜೇಬಿಗೆ ಹೋಗುವುದು. ವರ್ಚುಯಲ್ ಯಂತ್ರಕ್ಕೆ ಕೆಲವರು ಬರೆಯುವ ‘ಮಿಥ್ಯಾಯಂತ್ರ’ವೆಂಬುದನ್ನಂತೂ ಬಿಡಲೇಬೇಕು, ಲೆಕ್ಕಮಾಡಿ ಫಲಕೊಡುವ ಯಂತ್ರವು ಶುಕ್ತಿರಜತದಂತೆ ಮಿಥ್ಯೆಯಾಗಲಾರದು. ಪುಟವನ್ನು ಖಾಸಗಿಗೊಳಿಸುವ ಕ್ರಿಯೆಗೆ ‘ಮುದ್ರಣ’ವೆಂದರೆ ಅಚ್ಚುಕೂಟದ ನೆನಪಾಗುವುದರಿಂದ ‘ಮುದ್ರೆಯೊತ್ತುವುದು’ ಎಂದೂ, ಹಂಚುವ ಕ್ರಿಯೆಗೆ ‘ಮುದ್ರೆ ತೆಗೆಯುವುದು’ ಎಂದೂ ಬಳಸಬಹುದು.