ಸೈಕಲ್ಲಿನ ವೇಗದಲ್ಲಿ ‘ಬೆಟ್ಟದ ಜೀವ’

ಒಂದು ಕಾದಂಬರಿಯನ್ನು ಎಷ್ಟು ವೇಗವಾಗಿ ಓದಬೇಕು ಎಂಬ ಪ್ರಶ್ನೆಯನ್ನು ನಮ್ಮ ವಿಮರ್ಶೆ ಅಷ್ಟಾಗಿ ಎತ್ತಿಕೊಂಡಂತಿಲ್ಲ. ನನಗೂ ಅದು ಹೊಳೆದದ್ದು ಪುಸ್ತಕದ ಮುಂದೆ ಕುಳಿತಾಗ ಅಲ್ಲ. ಕಾಣಿಯೂರಿನಾಚೆಯ ಒಂದು ಮಣ್ಣು ರಸ್ತೆಯ ಏರಿನಲ್ಲಿ, ಏದುಸಿರು ಬಿಡುತ್ತ ಸೈಕಲ್ಲು ತಳ್ಳುತ್ತಿದ್ದಾಗ.

ಶಿವರಾಮ ಕಾರಂತರ ‘ಬೆಟ್ಟದ ಜೀವ’ವನ್ನು ನಾನು ಮೊದಲು ಓದಿದ್ದು ಕಾಲೇಜಿನ ದಿನಗಳಲ್ಲಿ, ಒಂದೇ ರಾತ್ರಿಯಲ್ಲಿ. ಮರುದಿನ ಪರೀಕ್ಷೆಯಿತ್ತು. ಆ ಪ್ರತಿಯ ಅಂಚಿನಲ್ಲಿ ‘ಕಥೆ ಎಲ್ಲಿ?’ ಎಂದು ಪೆನ್ಸಿಲಿನಿಂದ ಗೀಚಿದ್ದು ಇನ್ನೂ ಉಳಿದಿದೆ. ಆಮೇಲೆ ಎರಡು ಮೂರು ಸಭೆಗಳಲ್ಲಿ, ‘ಕಾರಂತರ ದೊಡ್ಡ ಕಾದಂಬರಿಗಳ ಮುಂದೆ ಇದೊಂದು ಸೊಗಸಾದ ಪ್ರವಾಸ ಪ್ರಬಂಧ, ಅಷ್ಟೆ’ ಎಂದು ಹೇಳಿದ್ದೂ ಉಂಟು. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕಾಗಿ ಈ ಲೇಖನ. ಪೂರ್ತಿಯಾಗಿ ಅಲ್ಲ, ಅದೇಕೆಂಬುದನ್ನು ಮುಂದೆ ಹೇಳುತ್ತೇನೆ.

ನನ್ನನ್ನು ಆ ಏರಿಗೆ ಹತ್ತಿಸಿದವನು ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗ. ಅವನಿಗೂ ಅವನ ಗೆಳೆಯರಿಗೂ ‘ಗ್ರ್ಯಾವೆಲ್ ಬೈಕ್’ ಎಂಬ ಹೊಸ ಬಗೆಯ ಸೈಕಲ್ಲಿನ ಗೀಳು. ನೋಡಲು ಪಂದ್ಯದ ಸೈಕಲ್ಲಿನಂತೆಯೇ ಕೆಳಕ್ಕೆ ಬಾಗಿದ ಹಿಡಿ. ಆದರೆ ಟಯರು 40 ಮಿಲಿಮೀಟರಿನಷ್ಟು ಅಗಲ, ಗಾಳಿಯ ಬಿಗಿ ಕಡಿಮೆ. ಜಲ್ಲಿಯ ಮೇಲೂ ಮಣ್ಣಿನ ಮೇಲೂ ಜಾರದೆ ಓಡಲೆಂದು ಈ ಏರ್ಪಾಡು. ಅಮೆರಿಕದ ಕಾನ್ಸಾಸ್ ಸಂಸ್ಥಾನದ ಎಂಪೋರಿಯ ಎಂಬ ಊರಿನಲ್ಲಿ 2006ರಿಂದ ಇಂಥ ಹಾದಿಗಳಲ್ಲೇ ಒಂದು ದೊಡ್ಡ ಪಂದ್ಯ ನಡೆದು ಬಂದಿದೆಯಂತೆ. ನಮ್ಮ ಹುಡುಗರು ಅದಕ್ಕೆ ಆರಿಸಿಕೊಂಡ ಸೀಮೆ ಪುತ್ತೂರು, ಸುಳ್ಯ, ಕಡಬ. ‘ದೊಡ್ಡಪ್ಪ, ನಿಮ್ಮ ಕಾರಂತರ ಊರು, ನೀವೂ ಬನ್ನಿ’ ಎಂದ. ವಯಸ್ಸಿನ ವಿವೇಕವನ್ನು ಬದಿಗಿಟ್ಟು ಹೊರಟೆ.

ಪುತ್ತೂರಿನಿಂದ ಸವಣೂರು, ಕಾಣಿಯೂರು ಮಾರ್ಗವಾಗಿ ಸುಬ್ರಹ್ಮಣ್ಯಕ್ಕೆ ಟಾರು ರಸ್ತೆಯೇ ಇದೆ. ಬಸ್ಸಿನಲ್ಲಿ ಕುಳಿತವನಿಗೆ ಅದು ಹಸಿರು ಗೋಡೆಗಳ ನಡುವಿನ ಓಣಿ. ಬದಿಯ ಮಣ್ಣು ದಾರಿಗೆ ತಿರುಗಿದರೆ ನೆಲದ ರಚನೆ ಕಾಲಿಗೇ ತಿಳಿಯುತ್ತದೆ. ಮೇಲೆ ಮುರಕಲ್ಲಿನ ಬೋಳು ಗುಡ್ಡೆ. ಇಳಿದಂತೆ ಗೇರು, ರಬ್ಬರು. ಇನ್ನೂ ಇಳಿದರೆ ನೀರಿನ ಸದ್ದು, ಅಡಿಕೆ ತೋಟ. ತಳದಲ್ಲಿ ಒಂದು ಕಾಲು ಸಂಕ, ತೋಡು. ದಾಟಿದೊಡನೆ ಮತ್ತೆ ಏರು. ಇಂಥ ಇಪ್ಪತ್ತು ಏರಿಳಿತಗಳಾದ ಮೇಲೆ ಒಮ್ಮೆ ತಲೆಯೆತ್ತಿದರೆ ಮೂಡಲಲ್ಲಿ ಕುಮಾರಪರ್ವತ ನಿಂತಿರುತ್ತದೆ, 1712 ಮೀಟರು. ಬೆಳಗಿನಿಂದ ಅದು ಹತ್ತಿರ ಬಂದಂತೆಯೇ ಕಾಣುವುದಿಲ್ಲ.

‘ಬೆಟ್ಟದ ಜೀವ’ 1943ರ ಕಾದಂಬರಿ. ದಾರಿ ತಪ್ಪಿದ ಪ್ರಯಾಣಿಕನೊಬ್ಬ ಇದೇ ಮಲೆಯ ತಪ್ಪಲಿನಲ್ಲಿ ದೇರಣ್ಣ, ಬಟ್ಯ ಎಂಬ ಇಬ್ಬರ ಕೈಗೆ ಸಿಕ್ಕಿ, ಅವರ ನೆರವಿನಿಂದ ಗೋಪಾಲಯ್ಯನ ಮನೆ ಸೇರುತ್ತಾನೆ. ಮುದುಕ ಗೋಪಾಲಯ್ಯ, ಹೆಂಡತಿ ಶಂಕರಮ್ಮ; ಮನೆ ಬಿಟ್ಟು ಹೋದ ಮಗ; ಕಾಡು ಕಡಿದು ಎಬ್ಬಿಸಿದ ತೋಟ. ಹೊರಡುತ್ತೇನೆ ಎಂದ ಅತಿಥಿಯನ್ನು ಮುದುಕ ಬಿಡುವುದಿಲ್ಲ. ಇಷ್ಟೇ. ಒಂದೇ ರಾತ್ರಿಯಲ್ಲಿ ಓದಿ ಮುಗಿಸುವವನಿಗೆ ಇದರಲ್ಲಿ ಏನೂ ನಡೆಯುವುದಿಲ್ಲ. ನನಗೆ ಸಿಗದಿದ್ದದ್ದು ಇಲ್ಲಿಯ ಕಾಲ. ಈ ನೆಲದಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಬೇಕಾದರೆ ಒಂದು ಗುಡ್ಡ ಹತ್ತಿ ಇಳಿಯಬೇಕು. ಹಾಗೆ ಬಂದವನನ್ನು ಅರ್ಧ ಗಂಟೆಯಲ್ಲಿ ಬೀಳ್ಕೊಡುವುದು ಯಾರಿಗಾದರೂ ಸಾಧ್ಯವೆ? ಗೋಪಾಲಯ್ಯನ ಮಾತಿನ ಉದ್ದವನ್ನು ಶಿಲ್ಪದ ದೋಷ ಎಂದಿದ್ದೆ. ಅದು ಆ ಹಾದಿಯ ಉದ್ದಕ್ಕೆ ಸರಿಯಾಗಿ ಅಳೆದ ಉದ್ದ.

ಇನ್ನೊಂದು ಮಾತು. ನಮ್ಮ ಹುಡುಗರು ಈ ಹಾದಿಗಳ ಚಿತ್ರ ತೆಗೆದು ಕೆಳಗೆ ‘ಮನುಷ್ಯನ ಕೈ ಸೋಂಕದ ಪ್ರಕೃತಿ’ ಎಂದು ಬರೆಯುತ್ತಾರೆ. ಅವರನ್ನು ಅನ್ನುವುದೇಕೆ, ನಮ್ಮ ಪ್ರವಾಸ ಸಾಹಿತ್ಯವೂ ಬಹುಮಟ್ಟಿಗೆ ಹಾಗೆಯೇ ಬರೆದಿದೆ. ಕಾರಂತರ ಕಾದಂಬರಿ ಈ ಭ್ರಮೆಗೆ ಕೊಟ್ಟ ಗಟ್ಟಿಯಾದ ಉತ್ತರ. ಅವರ ಗೋಪಾಲಯ್ಯ ಬೆಟ್ಟವನ್ನು ನೋಡಿ ಸುಮ್ಮನೆ ಹಿಗ್ಗುವವನಲ್ಲ. ಅಲ್ಲಿ ನೀರು ಎಲ್ಲಿಂದ ತರಬಹುದು, ಹುಲಿಯನ್ನು ಹೇಗೆ ತಡೆಯಬಹುದು ಎಂದು ಲೆಕ್ಕ ಹಾಕುವವನು. ಅವನಿಗೆ ಪ್ರಕೃತಿ ಸೊಗಸೂ ಹೌದು, ಎದುರಾಳಿಯೂ ಹೌದು. ನಾವು ‘ಕಾಡು’ ಎಂದು ಕೊಂಡಾಡಿ ದಾಟಿದ ಇಳಿಜಾರುಗಳಲ್ಲಿ ಮುಕ್ಕಾಲುಪಾಲು ಯಾರೋ ಅಗೆದು, ಕಟ್ಟ ಕಟ್ಟಿ, ತೋಡು ತಿರುಗಿಸಿ ಮಾಡಿದ್ದು.

ಆದರೆ ಆ ‘ಯಾರೋ’ ಯಾರು? ನನ್ನ ಹಳೆಯ ಅಸಮಾಧಾನ ಉಳಿದಿರುವುದು ಇಲ್ಲಿ. ದಾರಿ ತಪ್ಪಿದವನಿಗೆ ದಾರಿ ತೋರಿಸಿದವರು ದೇರಣ್ಣ, ಬಟ್ಯ. ಗೋಪಾಲಯ್ಯನ ಮನೆಯ ಬೆಳಕು ಕಂಡೊಡನೆ ಕಾದಂಬರಿಯ ಒಲವು ಜಗಲಿಯ ಮೇಲೆ ಕುಳಿತುಬಿಡುತ್ತದೆ. ಅವರು ಅದರ ಅಂಚಿಗೆ ಸರಿಯುತ್ತಾರೆ. ಬೆಟ್ಟವನ್ನು ಗೆದ್ದ ಜೀವ ಒಂದೇ ಎಂಬಂತೆ ಹೆಸರೂ ಏಕವಚನದಲ್ಲಿದೆ. ಕಾರಂತರಿಗೆ ಇದು ತಿಳಿಯದೆ? ಹತ್ತು ವರ್ಷ ಹಿಂದೆ, 1933ರಲ್ಲಿ, ‘ಚೋಮನ ದುಡಿ’ ಬರೆದವರು ಅವರೇ. ನೆಲದಲ್ಲಿ ದುಡಿದೂ ನೆಲ ಸಿಗದವನ ಸಂಕಟವನ್ನು ಅಷ್ಟು ಬಲ್ಲವರು, ಇಲ್ಲಿ ಒಡೆಯನ ಸಾಹಸಕ್ಕೆ ಮನಸೋತರು ಎಂದು ತೋರುತ್ತದೆ. ಈ ಎರಡು ಪುಸ್ತಕಗಳನ್ನು ಒಟ್ಟಿಗೆ ಓದಿದವನಿಗೇ ಈ ಸೀಮೆ ಇಡಿಯಾಗಿ ಕಂಡೀತು.

ಆ ಬಳಿಕದ ಕಥೆಯನ್ನಂತೂ ಇನ್ನೂ ಬರೆಯಬೇಕಾಗಿದೆ. ಗುತ್ತಿಗಾರಿನ ಕಡೆ ನಾವು ತಾಸುಗಟ್ಟಲೆ ರಬ್ಬರು ಮರಗಳ ನೆರಳಿನಲ್ಲಿ ಸಾಗಿದೆವು. 1964ರ ಒಪ್ಪಂದದ ಮೇರೆಗೆ ಸಿಲೋನಿನಿಂದ ಮರಳಿದ ತಮಿಳು ತೋಟ ಕಾರ್ಮಿಕರಿಗೆ ಬದುಕು ಕಲ್ಪಿಸಲು ಸುಳ್ಯ, ಪುತ್ತೂರು ಸೀಮೆಯಲ್ಲಿ ಸರಕಾರವೇ ರಬ್ಬರು ತೋಟ ಎಬ್ಬಿಸಿತು. ತಲೆಮಾರುಗಳ ಕಾಲ ಪರದೇಶದಲ್ಲಿ ಚಹಾ ಕಿತ್ತವರ ಮಕ್ಕಳು ಈ ಗುಡ್ಡೆಗಳಲ್ಲಿ ಬೆಳಗಿನ ಜಾವಕ್ಕೆದ್ದು ಮರ ಕೆತ್ತಿ ಹಾಲು ಇಳಿಸಿದರು. ಅವರದೂ ಬೆಟ್ಟದ ಜೀವವೇ ಅಲ್ಲವೆ? ಅವರಿಗೊಬ್ಬ ಕಾದಂಬರಿಕಾರ ಕನ್ನಡದಲ್ಲಿ ಬರಲಿ ಎಂದು ನನ್ನ ಆಸೆ.

ಮಧ್ಯಾಹ್ನ ಒಂದು ತೋಟದ ಮನೆಯ ಅಂಗಳದಲ್ಲಿ ನೀರು ಕೇಳಲು ಇಳಿದೆವು. ಎಪ್ಪತ್ತು ದಾಟಿದ ಯಜಮಾನರು, ‘ಎಂಥದು ಮಾರಾಯ್ರೆ, ಈ ಪ್ರಾಯದಲ್ಲಿ ಸೈಕಲ್ಲೆ? ಬನ್ನಿ, ಆಸರಿಗೆ ಕುಡಿದು ಹೋಗಿ’ ಎಂದರು. ಅಮ್ಮ ಬೆಲ್ಲ, ನೀರು ತಂದಿಟ್ಟರು. ಗೋಡೆಯ ಮೇಲೆ ಮಗನ ಪದವಿ ಪ್ರದಾನದ ಚಿತ್ರ, ಅವನು ಬೆಂಗಳೂರಿನಲ್ಲಿ. ಅಂಗಳದಾಚೆ ತೋಟದಲ್ಲಿ ಅಡಿಕೆಯ ಸೋಗೆ ಅಲ್ಲಲ್ಲಿ ಹಳದಿಗೆ ತಿರುಗಿತ್ತು. ಸಂಪಾಜೆ, ಅರಂತೋಡು ಕಡೆಯ ತೋಟಗಳನ್ನು ವರ್ಷಗಳಿಂದ ತಿನ್ನುತ್ತಿರುವ ಹಳದಿ ಎಲೆ ರೋಗ ಅದು. ‘ಇನ್ನು ಹೊಸ ಸಸಿ ನೆಡುವುದು ಯಾರಿಗೆ?’ ಎಂದು ಅವರು ಕೇಳಿದ್ದು ನಮ್ಮನ್ನಲ್ಲ. ನಾವು ಎದ್ದಾಗ, ‘ಊಟ ಮಾಡಿ ಹೋಗಬಹುದಿತ್ತು’ ಎಂದು ಅಮ್ಮ ಎರಡು ಸಲ ಹೇಳಿದರು. ಸಂಜೆಯೊಳಗೆ ಸುಬ್ರಹ್ಮಣ್ಯ ಮುಟ್ಟಬೇಕೆಂಬ ಲೆಕ್ಕದಲ್ಲಿ ಹುಡುಗರು ಆಗಲೇ ಹೆಲ್ಮೆಟ್ ಕಟ್ಟಿಕೊಂಡಿದ್ದರು. ನಾನೂ ಹತ್ತಿದೆ.

ಕಾರಂತರ ಪ್ರಯಾಣಿಕ ಉಳಿದ, ನಾವು ಉಳಿಯಲಿಲ್ಲ. ಶಂಕರಮ್ಮನ ಹಂಬಲವನ್ನು ಒಮ್ಮೆ ಅತಿಭಾವುಕ ಎಂದವನು ನಾನು. ಊರಿಗೆ ಮರಳಿದ ಮೇಲೆ ಹಳೆಯ ಪ್ರತಿಯನ್ನು ತೆಗೆದು, ದಿನಕ್ಕೆ ಒಂದು ಅಧ್ಯಾಯದಂತೆ ಮತ್ತೆ ಓದುತ್ತಿದ್ದೇನೆ. ಅಂಚಿನ ಪೆನ್ಸಿಲು ಗೀಟನ್ನು ಅಳಿಸಿಲ್ಲ. ಮುಗಿದ ಮೇಲೆ ಪುಸ್ತಕವನ್ನು ಬೆಂಗಳೂರಿಗೆ, ತಮ್ಮನ ಮಗನಿಗೆ ಕಳುಹಿಸಬೇಕೆಂದಿದ್ದೇನೆ.